ಎರಡು ಮಳೆಗಾಲ ಕಂಡ ಕಾರ್ಡಾನೊ ಡಿಬಿ ಸಿಂಕ್

ಕೊಡಗಿನ ಸಿದ್ದಾಪುರದ ಬಳಿ ನಾವು ಕೆಲವು ಬೆಳೆಗಾರರು ಸೇರಿ ಪ್ರತಿ ಲಾಟ್ ಕಾಫಿಯ ವಿವರವನ್ನು, ಬರೆದದ್ದನ್ನು ಯಾರೂ ತಿದ್ದಲಾಗದ ಸಾರ್ವಜನಿಕ ದಾಖಲೆಯಾದ ಕಾರ್ಡಾನೊ ಬ್ಲಾಕ್‌ಚೈನ್‌ನಲ್ಲಿ ಬರೆದಿಡುತ್ತೇವೆ: ಯಾವ ತೋಟ, ಎಂದು ಕೊಯ್ಲು, ಕಣದಲ್ಲಿ ಎಷ್ಟು ದಿನ ಒಣಗಿತು. ಬರೆಯುವುದು ಸುಲಭ, ಹುಡುಕುವುದೇ ಕಷ್ಟ. ಕಳೆದ ಜನವರಿಯ ರೊಬಸ್ಟಾ ಎಲ್ಲವನ್ನೂ ತೋರಿಸು ಎಂದರೆ ಬ್ಲಾಕ್‌ಗಳ ಸರಪಳಿ ಉತ್ತರ ಕೊಡುವುದಿಲ್ಲ. ಕಾರ್ಡಾನೊ ಡಿಬಿ ಸಿಂಕ್ ಎಂಬ ತಂತ್ರಾಂಶ, ಆ ಸರಪಳಿಯ ಪ್ರತಿ ಇಟ್ಟುಕೊಳ್ಳುವ ನೋಡ್‌ನಿಂದ ಒಂದೊಂದೇ ಬ್ಲಾಕ್ (ದಾಖಲೆಗಳ ಕಂತೆ) ಪಡೆದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಕೋಷ್ಟಕಗಳಿಗೆ ತುಂಬುತ್ತದೆ. ಆಮೇಲೆ ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಒಂದು ಪ್ರಶ್ನೆ ಸಾಕು.

ಬೆಳಿಗ್ಗೆ ಒಲೆಯ ಮೇಲೆ ಕಾಫಿಗೆ ನೀರಿಟ್ಟು, ಕೊನೆಯ ಬ್ಲಾಕಿನ ಸಮಯಕ್ಕೂ ಈಗಿನ ಗಂಟೆಗೂ ಎಷ್ಟು ಅಂತರ ಎಂದು ಕೇಳುತ್ತೇನೆ. ಸರಾಸರಿ 20 ಸೆಕೆಂಡಿಗೊಂದು ಬ್ಲಾಕ್ ಬರುವುದರಿಂದ ಒಂದೆರಡು ನಿಮಿಷದ ಅಂತರವಿದ್ದರೆ ನೆಮ್ಮದಿ. ಮೊದಲ ವಾರ ಮಾತ್ರ ಐದೂವರೆ ಗಂಟೆ ಹಿಂದಿದೆ ಎಂದು ತೋರಿಸಿ ಕಂಗೆಡಿಸಿತ್ತು. ಕೋಷ್ಟಕದ ಸಮಯ ಯುಟಿಸಿ ಎಂಬ ಜಾಗತಿಕ ಸಮಯ, ನನ್ನ ಕಂಪ್ಯೂಟರಿನದು ಭಾರತದ್ದು! ಕನ್ನಡದಲ್ಲಿ ಬರೆದದ್ದು ಒಂದಕ್ಷರವೂ ಕೆಡದೆ ಪರದೆಯ ಮೇಲೆ ಬರುವುದು ನನಗೆ ಇಂದಿಗೂ ಸಂತೋಷ. ಆದರೆ ಒಂದು ಪಠ್ಯಕ್ಕೆ ಕಾರ್ಡಾನೊ 64 ಬೈಟ್‌ಗಳ ಮಿತಿ ಇಟ್ಟಿದೆ. 'ಪೊನ್ನಂಪೇಟೆ' ಒಂದೇ 30 ಬೈಟ್ ನುಂಗುತ್ತದೆ. ಹೆಸರುಗಳನ್ನು ತುಂಡು ಮಾಡಿ ಬರೆಯುತ್ತೇವೆ.

ನಾನು ಮನಸೋತದ್ದು ಕಕ್ಕಡದ ಮಳೆಯಲ್ಲಿ. ಮರ ಬಿದ್ದು ತಂತಿ ಹರಿದು, ಇನ್ವರ್ಟರ್ ಬರಿದಾಗಿ ಕಂಪ್ಯೂಟರ್ ದಿಢೀರನೆ ನಿಂತದ್ದು ಎಷ್ಟೋ ಸಲ. ಕರೆಂಟು ಬಂದೊಡನೆ ಇದು ತಾನು ಕೊನೆಯಲ್ಲಿ ಉಳಿಸಿಟ್ಟ ಲೆಡ್ಜರ್ ಸ್ಥಿತಿಗೆ, ಎಂದರೆ ಆ ಹೊತ್ತಿನ ಲೆಕ್ಕದ ಪ್ರತಿಗೆ, ಹಿಂದೆ ಸರಿಯುತ್ತದೆ, ಅದರಾಚೆಯ ಸಾಲುಗಳನ್ನು ಅಳಿಸುತ್ತದೆ, ಅಲ್ಲಿಂದ ಮತ್ತೆ ತುಂಬುತ್ತಾ ಬರುತ್ತದೆ. ನಮ್ಮ ಒಂದು ಲಾಟ್ ಕೂಡ ಕಳೆದಿಲ್ಲ, ಎರಡು ಸಲ ನಮೂದಾಗಿಲ್ಲ.

ಇಷ್ಟು ನಂಬಿಕೆ ಬಂದ ಮೇಲೆ ಕಳೆದ ಜುಲೈನಲ್ಲಿ ಹೊಸ ಆವೃತ್ತಿ ಹಾಕಿದೆ. ಹಳೆಯ ಕೋಷ್ಟಕಗಳು ಅದಕ್ಕೆ ಹೊಂದಲಿಲ್ಲ. 2017ರ ಸೆಪ್ಟೆಂಬರ್‌ನ ಮೊದಲ ಬ್ಲಾಕಿನಿಂದ ಎಲ್ಲವನ್ನೂ ಮತ್ತೆ ತುಂಬಿಸಬೇಕಾಯಿತು. ಆಗಲೇ ತುಂಬಿಸಿಟ್ಟ ಸಿದ್ಧ ಪ್ರತಿ ಸಿಗುತ್ತದೆ, ಆದರೆ ನಮ್ಮೂರ ಮಳೆಗಾಲದ ಇಂಟರ್‌ನೆಟ್‌ನಲ್ಲಿ ಅಷ್ಟು ದೊಡ್ಡ ಕಡತ ಇಳಿಯದು. ಹಳೆಯ ಹಾರ್ಡ್‌ಡಿಸ್ಕ್ ತೆವಳಿತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ದುರಸ್ತಿಗೆಂದು ಎತ್ತಿಟ್ಟ ಹಣದಲ್ಲಿ ವೇಗದ ಎಸ್‌ಎಸ್‌ಡಿ ಡಿಸ್ಕ್ ಕೊಂಡೆ. ಕೆಲಸ ಮುಗಿದ ದಿನ ನೋಡಿದರೆ ನಮ್ಮ ತೂಕದ ಪಟ್ಟಿ ಯಾರದೋ ವಹಿವಾಟುಗಳಿಗೆ (ಸರಪಳಿಯ ನಮೂದುಗಳಿಗೆ) ಅಂಟಿಕೊಂಡಿತ್ತು. ನಾನು ವಹಿವಾಟಿನ ಹ್ಯಾಶ್, ಎಂದರೆ ಅದರ ಬದಲಾಗದ ಗುರುತು, ಬಿಟ್ಟು ಸಾಲಿನ ಕ್ರಮಸಂಖ್ಯೆಗೆ ಕೊಂಡಿ ಹಾಕಿದ್ದೆ, ಮರುತುಂಬಿಕೆಯಲ್ಲಿ ಆ ಸಂಖ್ಯೆಗಳೆಲ್ಲ ಬದಲಾಗಿದ್ದವು. ಎರಡು ರಾತ್ರಿ ನಿದ್ದೆಗೆಟ್ಟು ಸರಿಪಡಿಸಿದೆ. ಇದನ್ನು ಹಾಕುವವರು ಮೊದಲ ದಿನವೇ ಹ್ಯಾಶ್‌ಗೆ ಕೊಂಡಿ ಹಾಕಿರಿ.

ಬಿಡುವ ಯೋಚನೆ ನನಗಿಲ್ಲ. ಮುಂದಿನ ಆವೃತ್ತಿಯನ್ನು ರೊಬಸ್ಟಾ ಕೊಯ್ಲು ಮುಗಿದು ಹೂಮಳೆ ಬರುವ ನಡುವಿನ ದಿನಗಳಲ್ಲಿ ಹಾಕುತ್ತೇನೆ. ಆಗ ಕರೆಂಟು ಅಷ್ಟಾಗಿ ಕೈಕೊಡುವುದಿಲ್ಲ, ನನಗೂ ಬಿಡುವಿರುತ್ತದೆ.