ದಯವಿಟ್ಟು ಕೋಳಿಯನ್ನು ತಲೆಕೆಳಗೆ ಹಿಡಿದು ವಾಂತಿ ಮಾಡಿಸಬೇಡಿ: ನಮ್ಮ ಪಟೇಲಮ್ಮನ ಕತೆ

ಕೋಳಿ ಸತ್ತದ್ದಕ್ಕೆ ಇಷ್ಟುದ್ದ ಬರೆಯಬೇಕಾ ಅಂತ ನಗುವವರು ನಗಲಿ. ನಾವೂ ಕೋಳಿ ತಿನ್ನೋ ಜನವೇ. ಮಂಡ್ಯದಲ್ಲಿ ನಾಟಿಕೋಳಿ ಸಾರಿಗೆ ಬೇಡ ಅನ್ನುವವರು ಎಷ್ಟು ಮಂದಿ ಇದ್ದಾರೆ? ಆದರೆ ಪಟೇಲಮ್ಮ ಸಾರಿನ ಲೆಕ್ಕಕ್ಕೆ ಬಂದವಳಲ್ಲ. ಅವಳು ಕಾಯಿಲೆಯಿಂದ ಸತ್ತಳು ಅಂತಲೂ ಹೇಳುವ ಹಾಗಿಲ್ಲ. ನನ್ನ ಕೈಯಲ್ಲಿ ಸತ್ತಳು. ನೀವೂ ಅದನ್ನೇ ಮಾಡಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆ ಮಂಡ್ಯದ ಹೊರಗೆ, ವಿ.ಸಿ. ನಾಲೆ ಕಡೆಗೆ. ಹಿತ್ತಲಲ್ಲಿ ಐದು ಹ್ಯಾಟೆ, ಒಂದು ಹುಂಜ. ಪಟೇಲಮ್ಮ ಗಿರಿರಾಜ ಬೆರಕೆ, ಕಂದು ಬಣ್ಣ, ಕತ್ತಿನ ಹತ್ತಿರ ಹೊಂಬಣ್ಣದ ಪಟ್ಟಿ. ಮನೆಗೆ ಬಂದವರನ್ನೆಲ್ಲ ಒಂದು ಸುತ್ತು ನೋಡಿ, ಆಮೇಲೆ ಒಳಗೆ ಬಿಡಬಹುದು ಅನ್ನೋ ಹಾಗೆ ಪಕ್ಕಕ್ಕೆ ಸರಿಯುತ್ತಿದ್ದಳು. ಅದಕ್ಕೇ ಅವ್ವ ಆ ಹೆಸರಿಟ್ಟದ್ದು. ಸಂಜೆ ನಾಲ್ಕಕ್ಕೆ ಅವ್ವ ಜಗಲಿ ಮೇಲೆ ಕಾಫಿ ಲೋಟ ಇಟ್ಟುಕೊಂಡು ಕೂತರೆ ಸರಿಯಾಗಿ ಹಾಜರು. ಅರ್ಧ ರಸ್ಕು ಅವಳ ಪಾಲು.

ಒಂದು ದಿನ ರಸ್ಕಿಗೆ ಬರಲಿಲ್ಲ. ಆಗಲೇ ಎದ್ದು ನೋಡಬೇಕಿತ್ತು. ಮಾರನೇ ದಿನ ನಲ್ಲಿ ಪಕ್ಕದ ಕಲ್ಲಿನ ಮೇಲೆ ಪುಕ್ಕ ಉಬ್ಬಿಸಿಕೊಂಡು, ಕತ್ತು ಒಳಗೆಳೆದುಕೊಂಡು ಕೂತಿದ್ದಳು. ಹಿಕ್ಕೆ ಹಸಿರು ನೀರು. ಅವ್ವ ಲೆಕ್ಕ ಹಾಕಿ ನೋಡಿದರೆ ಮೊಟ್ಟೆ ಇಟ್ಟು ನಾಲ್ಕು ದಿನ ಆಗಿತ್ತು. ಪಕ್ಕದ ಮನೆ ಅಜ್ಜಿ ಬೇಲಿ ಆಚೆಯಿಂದಲೇ ತೀರ್ಪು ಕೊಟ್ಟಿತು: "ಕೊಕ್ಕರೆ ರೋಗ ಬಡದದೆ ಕಣ್ಲಾ. ಇವತ್ತೇ ಕುಯ್ದ್‌ಬುಡಿ, ನಾಳೀಕೆ ತಿನ್ನಾಕೂ ಬರಾಕಿಲ್ಲ."

ನಮ್ಮ ಕಡೆ ಕೋಳಿ ಮಂಕಾದರೆ ಎಲ್ಲದಕ್ಕೂ ಕೊಕ್ಕರೆ ರೋಗವೇ. ಡಾಕ್ಟರುಗಳು ರಾಣಿಖೇತ್ ಅನ್ನೋ, ಕೋಳಿಯಿಂದ ಕೋಳಿಗೆ ಬೇಗ ಹರಡುವ ಆ ರೋಗದಲ್ಲೂ ಹಿಕ್ಕೆ ಹಸಿರಾಗುತ್ತೆ, ನಿಜ. ಆದರೆ ಕೋಳಿ ಮೇವು ಬಿಟ್ಟರೂ ಹಸಿರಾಗುತ್ತೆ. ಹೊಟ್ಟೆಗೆ ಏನೂ ಇಳಿಯದೆ ಇದ್ದರೆ ಬರೀ ಪಿತ್ತ ಹೊರಗೆ ಬರೋದು. ಇದು ನನಗೆ ಗೊತ್ತಾಗಿದ್ದು ಆಮೇಲೆ.

ಎತ್ತಿಕೊಂಡಾಗ ಕೈಗೆ ಸಿಕ್ಕಿತು. ಕತ್ತಿನ ಬುಡದಲ್ಲಿ, ಎದೆಯ ಬಲಗಡೆ, ಒಂದು ಗಂಟು. ಬಟ್ಟೆಯಲ್ಲಿ ನಾದಿದ ಹಿಟ್ಟು ಕಟ್ಟಿಟ್ಟ ಹಾಗೆ. ಒತ್ತಿದರೆ ಬೆರಳಿನ ಗುರುತು ಸ್ವಲ್ಪ ಹೊತ್ತು ಹಾಗೇ ಉಳಿಯುತ್ತಿತ್ತು. ಬಾಯಿ ಹತ್ತಿರ ಮೂಗು ಇಟ್ಟರೆ, ನೆನೆಹಾಕಿ ಮರೆತ ಅಕ್ಕಿಯ ಹುಳಿ ವಾಸನೆ. ಅದು ಮೇವಿನ ಚೀಲ, ಡಾಕ್ಟರುಗಳು ಕ್ರಾಪ್ ಅನ್ನೋದು. ಕೋಳಿ ನುಂಗಿದ್ದೆಲ್ಲ ಮೊದಲು ಅಲ್ಲಿ ನಿಂತು ನೆನೆದು, ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತೆ. ಹಲ್ಲಿಲ್ಲದ ಪ್ರಾಣಿ, ಅರೆಯುವ ಕೆಲಸ ಇನ್ನೂ ಕೆಳಗಿರುವ ಗಟ್ಟಿ ಮಾಂಸದ ಚೀಲದ್ದು, ಅಲ್ಲಿರುವ ಸಣ್ಣ ಕಲ್ಲುಗಳದ್ದು. ಸಂಜೆ ಕ್ರಾಪ್ ತುಂಬಿರಬೇಕು, ಬೆಳಿಗ್ಗೆ ಗೂಡಿಂದ ಬಿಡುವಾಗ ಖಾಲಿ ಇರಬೇಕು. ಅವಳದ್ದು ಬೆಳಿಗ್ಗೆ ಆರೂವರೆಗೆ ತುಂಬಿತ್ತು.

ಮೊದಲ ತಪ್ಪು, ಪಶು ಔಷಧಿ ಅಂಗಡಿಗೆ ಹೋದದ್ದು. ಕೋಳಿ ತೋರಿಸಿರಲಿಲ್ಲ, ಮಾತಲ್ಲೇ ಹೇಳಿದೆ. ಅಂಗಡಿಯಾತ ಅರ್ಧ ಕೇಳಿಸಿಕೊಂಡು "ಇನ್‌ಫೆಕ್ಷನ್ನು" ಅಂದು ಒಂದು ಆಂಟಿಬಯೋಟಿಕ್ ಪೌಡರ್ ಕೊಟ್ಟ. ಮೂರು ದಿನ ನೀರಲ್ಲಿ ಕಲಸಿ ಕುಡಿಸಿದೆ. ಗಂಟು ಕರಗಲಿಲ್ಲ, ವಾಸನೆ ಜಾಸ್ತಿಯಾಯಿತು. ಕ್ರಾಪಿನಲ್ಲಿ ಮೇವು ನಿಂತು ಕೊಳೆತರೆ ಕ್ಯಾಂಡಿಡಾ ಅನ್ನೋ ಯೀಸ್ಟ್ ಜಾತಿಯ ಶಿಲೀಂಧ್ರ ಬೆಳೆಯುತ್ತೆ, ಇಡ್ಲಿ ಹಿಟ್ಟು ಹುಳಿ ಬಂದಂತೆ ಒಳಗೇ ಹುಳಿ ಬರುತ್ತೆ. ಆಂಟಿಬಯೋಟಿಕ್ ಶಿಲೀಂಧ್ರವನ್ನು ಕೊಲ್ಲಲ್ಲ. ಅದನ್ನು ಹದ್ದುಬಸ್ತಲ್ಲಿ ಇಟ್ಟಿರುವ ಒಳ್ಳೇ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತೆ. ಅಂದರೆ ದುಡ್ಡು ಕೊಟ್ಟು ಕಳೆಗೆ ಗೊಬ್ಬರ ಹಾಕಿದ ಹಾಗಾಯಿತು ನನ್ನ ಕೆಲಸ.

ಎರಡನೇ ತಪ್ಪು ರಾತ್ರಿ ಎಂಟು ಗಂಟೆಯದ್ದು. ಫೋನಲ್ಲಿ ಒಂದು ವಿಡಿಯೋ. ಎಣ್ಣೆ ಕುಡಿಸಿ, ಗಂಟನ್ನು ತಿಕ್ಕಿ, ಕೋಳಿಯನ್ನು ತಲೆಕೆಳಗೆ ಮಾಡಿ ಹಿಂಡಿದರೆ ಎಲ್ಲ ಹೊರಗೆ ಬರುತ್ತೆ ಅಂತ ಒಬ್ಬ ನಗುನಗುತ್ತಾ ಮಾಡಿ ತೋರಿಸುತ್ತಿದ್ದ. ಅವನ ಕೋಳಿ ಇಳಿದು ಓಡಿಯೂ ಹೋಯಿತು. ಲಕ್ಷಗಟ್ಟಲೆ ಜನ ನೋಡಿದ್ದಾರೆ ಅಂದಮೇಲೆ ಸುಳ್ಳಿರುತ್ತಾ ಅಂದುಕೊಂಡೆ.

ಹರಳೆಣ್ಣೆ ಸಿರಿಂಜಿಗೆ ಎಳೆದುಕೊಂಡು ಬಾಯಿ ಬಿಡಿಸಿ ಒಂದೇ ಸಲ ಒತ್ತಿದೆ. ಅವಳು ತಲೆ ಕೊಡವಿದಳು, ಕೆಮ್ಮಿದ ಹಾಗೆ ಸದ್ದು ಬಂತು. ಅವ್ವ ಟಾರ್ಚ್ ಹಿಡಿದಿದ್ದಳು. ಕಾಲು ಹಿಡಿದು ಬಗ್ಗಿಸಿ, ಎದೆ ಅದುಮಿ ಹಿಂಡಿದೆ. ಕಂದು ಬಣ್ಣದ ನೀರು ಸುರಿಯಿತು, ಬೇಯಿಸಿದ ಅನ್ನದ ಅಗುಳಿನ ಜೊತೆ. "ಬಂತು ಬಂತು" ಅಂತ ಅವ್ವ ಸಂತೋಷಪಟ್ಟಳು. ನನಗೂ ಧೈರ್ಯ ಬಂದು ಎರಡನೇ ಸಲ ಬಗ್ಗಿಸಿದೆ. ಈ ಸಲ ರೆಕ್ಕೆ ಪಟಪಟ ಬಡಿಯಿತು. ಕೊಸರಾಡುತ್ತಿದ್ದಾಳೆ ಅಂದುಕೊಂಡು ಇನ್ನೂ ಗಟ್ಟಿಯಾಗಿ ಹಿಡಿದೆ. ನೆಟ್ಟಗೆ ಮಾಡುವಷ್ಟರಲ್ಲಿ ಜುಟ್ಟು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಆಮೇಲೆ ಬಾಯಿ ತೆರೆದುಕೊಂಡೇ ಉಸಿರು. ಪ್ರತಿ ಉಸಿರಿಗೂ ಗೊರ್ ಗೊರ್ ಸದ್ದು, ಹುಕ್ಕದಲ್ಲಿ ನೀರು ಗುಳುಗುಳು ಅನ್ನುತ್ತಲ್ಲ, ಹಾಗೆ. ಮಂಕರಿಯೊಳಗೆ ಅವ್ವನ ಹಳೇ ಸೀರೆ ಹಾಸಿ ಕೂರಿಸಿದೆವು. ರಾತ್ರಿ ಎರಡು ಗಂಟೆಗೆ ಸದ್ದು ನಿಂತಿತು. ಮಲಗಿದಳು ಅಂದುಕೊಂಡು ನಾನೂ ಮಲಗಿದೆ.

ಬೆಳಿಗ್ಗೆ ಹೂಳುವುದಕ್ಕೆ ಗುದ್ದಲಿ ತೆಗೆದವನು ಮಿಕ್ಕ ನಾಲ್ಕು ಹ್ಯಾಟೆ ನೆನಪಾಗಿ ನಿಂತೆ. ಕೊಕ್ಕರೆ ರೋಗವೇ ಆಗಿದ್ದರೆ? ಚೀಲದಲ್ಲಿ ಸುತ್ತಿ ಪಶು ಆಸ್ಪತ್ರೆಗೆ ಒಯ್ದೆ. (ಮನೆಯಲ್ಲಿ ನೀವೇ ಕುಯ್ದು ನೋಡುವ ಸಾಹಸ ಬೇಡ. ಏನು ರೋಗವೋ ಗೊತ್ತಿಲ್ಲದ ಕೋಳಿಯನ್ನು ಬರಿಗೈಯಲ್ಲಿ ಬಿಚ್ಚಬಾರದು.) ಡಾಕ್ಟರ್ ಮೇಡಂ ನನ್ನ ಮುಖ ನೋಡಿ, "ಇದನ್ನ ನಿನ್ನೆ ತರೋಕೆ ಏನಾಗಿತ್ರೀ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಅವರು ಕ್ರಾಪ್ ಸೀಳಿ, ಚಿಮಟದಲ್ಲಿ ಹಿಡಿದು ಎಳೆದರು. ಬಂತು, ಬರುತ್ತಲೇ ಇತ್ತು. ನಿಂಬೆಹಣ್ಣಿನ ಗಾತ್ರದ ಉಂಡೆ. ಮುದ್ದೆ ಚೂರು, ಹುಲ್ಲು, ಅದರ ನಡುವೆ ಜಡೆ ಹೆಣೆದಂತೆ ಬಿಳಿ, ನೀಲಿ ಪ್ಲಾಸ್ಟಿಕ್ ಎಳೆಗಳು. ಕೆಲವು ಎಳೆಯ ಒಂದು ತುದಿ ಉಂಡೆಯಲ್ಲಿ, ಇನ್ನೊಂದು ತುದಿ ಕೆಳಗೆ ಕಲ್ಲಿರುವ ಚೀಲದವರೆಗೂ ಇಳಿದು ಸಿಕ್ಕಿಕೊಂಡಿತ್ತು. ಎಣ್ಣೆ ಕುಡಿಸಿ ವಾಂತಿ ಮಾಡಿಸಿದರೆ ಬರುವಂಥದ್ದೇ ಅಲ್ಲ.

ಆ ನೀಲಿ ಬಣ್ಣ ನನಗೆ ಗುರುತು ಸಿಕ್ಕಿತು. ಕೋಳಿ ಮೇವು ತುಂಬಿ ಬರುವ ಪ್ಲಾಸ್ಟಿಕ್ ಚೀಲದ ಅಂಚಿನ ಪಟ್ಟಿ. ಆರು ತಿಂಗಳ ಹಿಂದೆ, ಹುಲ್ಲಾದರೆ ಹೇನು ಕೂರುತ್ತೆ, ಚೀಲವಾದರೆ ತೊಳೆದು ಒಣಗಿಸಬಹುದು ಅಂತ ಖಾಲಿ ಚೀಲ ಕತ್ತರಿಸಿ ಮೊಟ್ಟೆ ಇಡುವ ಮಂಕರಿಗೆ ಹಾಸಿದ ಬುದ್ಧಿವಂತ ನಾನೇ. ಕತ್ತರಿಸಿದ ಅಂಚು ಎಳೆ ಎಳೆಯಾಗಿ ಬಿಚ್ಚಿತ್ತು. ಕೂತ ಕೋಳಿಗೆ ಬೇಸರವಾದಾಗ ಕುಕ್ಕಿ ಕುಕ್ಕಿ ನುಂಗಿದೆ.

ಡಾಕ್ಟರ್ ಆಮೇಲೆ ಶ್ವಾಸನಾಳ ಸೀಳಿ ತೋರಿಸಿದರು. ಒಳಗೆ ನೊರೆ, ನೊರೆಯ ಮೇಲೆ ಎಣ್ಣೆಯ ಹೊಳಪು. ಕೋಳಿಯ ನಾಲಿಗೆ ಬುಡದಲ್ಲೇ ಉಸಿರಿನ ಬಾಯಿ ಇರುತ್ತೆ. ಸಿರಿಂಜಿನಿಂದ ಒಂದೇ ಸಲ ಒತ್ತಿದ್ದು ಅಲ್ಲಿಗೇ ನುಗ್ಗಿದೆ. ಬಗ್ಗಿಸಿ ಹಿಂಡಿದಾಗ ಮೇಲೆ ಬಂದ ಹುಳಿ ನೀರೂ ಅಲ್ಲಿಗೇ. ಇನ್ನೊಂದು ವಿಷಯ ಕೇಳಿ ಹೊಟ್ಟೆ ತೊಳಸಿತು. ಕೋಳಿಗೆ ನಮ್ಮ ಹಾಗೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಉಸಿರೆಳೆಸುವ ಪರದೆ, ಇಲ್ಲ, ಎದೆಗೂಡು ಹಿಗ್ಗಿ ಕುಗ್ಗಿದರೇನೇ ಉಸಿರು. ಎದೆ ಅದುಮಿ ಹಿಡಿದರೆ ಮೂಗು ತೆರೆದಿದ್ದರೂ ಉಸಿರು ಕಟ್ಟುತ್ತೆ. ಅವಳು ರೆಕ್ಕೆ ಬಡಿದದ್ದು ಹಟಕ್ಕಲ್ಲ.

"ಗಟ್ಟಿ ಗಂಟಾದರೆ ಅರಿವಳಿಕೆ ಕೊಟ್ಟು, ಸೀಳಿ, ತೆಗೆದು, ಹೊಲಿಗೆ ಹಾಕ್ತೀವಿ. ಎಷ್ಟೋ ಕೋಳಿ ಬದುಕ್ತವೆ" ಅಂದರು ಮೇಡಂ, ಕೈ ತೊಳೆಯುತ್ತಾ.

ಆ ರಾತ್ರಿಯೇ ಮಿಕ್ಕವನ್ನು ನೋಡಿದೆ. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣದು, ಗೂಡಿಂದ ಸುಮ್ಮನೆ ಕೈಗೆ ಬರುತ್ತವೆ. ಆಗ ಎಲ್ಲರ ಕ್ರಾಪೂ ತುಂಬಿತ್ತು, ಅದು ಸರಿ. ಬೆಳಿಗ್ಗೆ ಮೇವು, ನೀರು ಯಾವುದೂ ಇಡುವ ಮುಂಚೆ ಮತ್ತೆ ಮುಟ್ಟಿದೆ. ಮೂರರದ್ದು ಚಪ್ಪಟೆ. ಕರಿಯದ್ದು ಮಾತ್ರ ನೀರು ತುಂಬಿದ ಬಲೂನಿನ ಹಾಗೆ ತುಳುಕುತ್ತಿತ್ತು. ಅಂಗಡಿ, ವಿಡಿಯೋ, ಅಜ್ಜಿ ಎಲ್ಲರನ್ನೂ ಬಿಟ್ಟು ಒಂಬತ್ತಕ್ಕೆ ಆಸ್ಪತ್ರೆ ಬಾಗಿಲಲ್ಲಿದ್ದೆ.

ಮೇಡಂ ಬೆರಳಲ್ಲಿ ಎಷ್ಟೋ ಹೊತ್ತು ತಡಕಿ, ಗಟ್ಟಿ ಉಂಡೆ ಸಿಗುತ್ತಿಲ್ಲ, ಇದು ಬರೀ ಹುಳಿ ಬಂದಿರೋದು ಅಂದರು. ಶಿಲೀಂಧ್ರದ ಔಷಧಿ ಬರೆದುಕೊಟ್ಟರು. ಡೋಸು ನಾನಿಲ್ಲಿ ಬರೆಯಲ್ಲ, ಕೋಳಿಯ ತೂಕ ನೋಡಿ ಅವರು ಹೇಳಬೇಕಾದ್ದು. ಹುಳದ ಪರೀಕ್ಷೆಗೆ ಹಿಕ್ಕೆಯನ್ನೂ ತರಿಸಿಕೊಂಡರು, ಕ್ರಾಪ್ ನಿಲ್ಲೋದು ಎಷ್ಟೋ ಸಲ ಬೇರೆ ಕಾಯಿಲೆಯ ಬಾಲವಂತೆ.

ಮೊದಲ ದಿನ ಬರೀ ನೀರು. ಎರಡನೇ ದಿನದಿಂದ ಬೇಯಿಸಿದ ಮೊಟ್ಟೆ ಪುಡಿ ಮಾಡಿ, ಒಂದೊಂದು ಚಮಚ, ದಿನಕ್ಕೆ ನಾಲ್ಕು ಸಲ. "ತನ್ನ ಮೊಟ್ಟೆ ತಾನೇ ತಿಂತದಲ್ಲಪ್ಪ, ಕಲಿಗಾಲ" ಅಂತ ಅವ್ವ ಗೊಣಗುತ್ತಲೇ ಪುಡಿ ಮಾಡುತ್ತಿದ್ದಳು. ಮುದ್ದೆ, ಅನ್ನ, ರಸ್ಕು ಪೂರ್ತಿ ಬಂದ್, ಅವೆಲ್ಲ ಯೀಸ್ಟಿಗೆ ಹಬ್ಬದೂಟ. ಔಷಧಿಯನ್ನು ಗಂಟಲಿಗೆ ಹುಯ್ಯಲಿಲ್ಲ. ಕೊಕ್ಕಿನ ಪಕ್ಕದ ಸಂದಿಗೆ ಒಂದು ತೊಟ್ಟು ಬಿಟ್ಟು, ಅವಳು ತಾನೇ ನುಂಗುವುದನ್ನು ನೋಡಿ, ಇನ್ನೊಂದು ತೊಟ್ಟು. ಒಂದು ಡೋಸಿಗೆ ಕಾಲು ಗಂಟೆ ಹಿಡಿಯುತ್ತಿತ್ತು. ದಿನಾ ಬೆಳಿಗ್ಗೆ ತೂಕ ಹಾಕಿ ಕ್ಯಾಲೆಂಡರಿನಲ್ಲಿ ಬರೆದೆ. 1 ಕಿಲೋ 400 ಗ್ರಾಂ ಇದ್ದದ್ದು 1 ಕಿಲೋ 320ಕ್ಕೆ ಇಳಿದು ಮೂರು ದಿನ ಅಲ್ಲೇ ನಿಂತಿತ್ತು, ಆ ಮೂರು ದಿನ ನನಗೂ ಊಟ ಸೇರಲಿಲ್ಲ.

ಏಳನೇ ದಿನ ಬೆಳಿಗ್ಗೆ ಅವ್ವ ಹಿತ್ತಲಿಂದ ಕೂಗಿದಳು. ಏನೋ ಆಯಿತು ಅಂತ ಓಡಿದರೆ, ಕಾಫಿ ಲೋಟ ಹಿಡಿದುಕೊಂಡು ನೆಲ ತೋರಿಸುತ್ತಿದ್ದಾಳೆ. ಗಟ್ಟಿ ಹಿಕ್ಕೆ, ಮೇಲೆ ಸುಣ್ಣ ಹಚ್ಚಿದಂತೆ ಬಿಳಿ ಟೋಪಿ. ಇಬ್ಬರೂ ಅದನ್ನು ನೋಡುತ್ತಾ ನಿಂತಿದ್ದೆವು. ರಸ್ತೆಯಲ್ಲಿ ಹೋಗುವವರು ಏನಂದುಕೊಂಡರೋ.

"ನಾನೂರು ರೂಪಾಯಿ ಕೋಳಿಗೆ ಇಷ್ಟು ಓಡಾಟವಾ" ಅಂತ ಕೇಳಿದವರಿದ್ದಾರೆ. ಸರ್ಕಾರಿ ಪಶು ಆಸ್ಪತ್ರೆಗೆ ಹೋಗೋಕೆ ಅಷ್ಟೇನೂ ಖರ್ಚಿಲ್ಲ ಸ್ವಾಮಿ, ಹತ್ತಿರ ಆಸ್ಪತ್ರೆ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಿ. ಪೌಡರಿಗೂ ಎಣ್ಣೆಗೂ ನಾನು ಸುರಿದ ದುಡ್ಡೇ ಜಾಸ್ತಿ.

ಈಗ ಮಂಕರಿಗೆ ಭತ್ತದ ಹುಲ್ಲನ್ನೇ ಹಾಸುತ್ತೇವೆ, ಬೆರಳುದ್ದಕ್ಕೆ ಕತ್ತರಿಸಿ. ಉದ್ದ ಹುಲ್ಲೂ ಉಂಡೆ ಕಟ್ಟುತ್ತೆ, ಕಬ್ಬಿನ ರಚ್ಚಿನ ನಾರೂ ಅಷ್ಟೇ. ಆಲೆಮನೆ ಪಕ್ಕ ಕೋಳಿ ಸಾಕಿರುವವರು ಇದನ್ನು ನೋಡಿಕೊಳ್ಳಿ. ಸಿಮೆಂಟ್ ಅಂಗಳದಲ್ಲೋ ತಾರಸಿ ಮೇಲೋ ಸಾಕುವವರಾದರೆ ತೆಂಗಿನ ಚಿಪ್ಪಿನಲ್ಲಿ ದಪ್ಪ ಮರಳು, ಸಣ್ಣ ಕಲ್ಲು ಇಡಿ. ಮಣ್ಣಲ್ಲಿ ಕೆದಕುವ ಕೋಳಿ ತಾನೇ ಹುಡುಕಿಕೊಳ್ಳುತ್ತೆ, ನಿಮ್ಮದಕ್ಕೆ ಎಲ್ಲಿಂದ ಸಿಗಬೇಕು? ಬೆಳಿಗ್ಗೆ ಬಾಗಿಲು ತೆಗೆಯುವಾಗ ಒಂದೊಂದರ ಎದೆಯನ್ನೂ ಮುಟ್ಟಿ ಬಿಡುವ ಕೆಲಸ ಅವ್ವ ವಹಿಸಿಕೊಂಡಿದ್ದಾಳೆ. ನಾಲ್ಕು ಕೋಳಿಗೆ ಒಂದು ನಿಮಿಷ ಸಾಕು.

ಆ ಉಂಡೆಯನ್ನು ಮೇಡಂ ಕವರಿಗೆ ಹಾಕಿ ಕೊಟ್ಟಿದ್ದರು. ತೊಳೆದು, ಬಿಡಿಸಿ, ಅಳೆದೆ. ಉದ್ದದ ಎಳೆ ಒಂದೂವರೆ ಮೊಳ. ಮೊನ್ನೆ ಪಕ್ಕದ ಮನೆ ಅಜ್ಜಿ, ಕಾವಿಗೆ ಕೂರಿಸೋ ಕೋಳಿಗೆ ಹಾಸಬೇಕು, ಖಾಲಿ ಚೀಲ ಇದ್ರೆ ಕೊಡ್ಲಾ ಅಂತ ಬೇಲಿ ಹತ್ತಿರ ಬಂತು. ಚೀಲದ ಜೊತೆ ಆ ಎಳೆಗಳನ್ನೂ ತಂದು ಕೈಗೆ ಕೊಟ್ಟೆ. ಅಜ್ಜಿ ಅದನ್ನು ಬೆಳಕಿಗೆ ಹಿಡಿದು, ಎಳೆದು, ಗಂಟು ಬಿಚ್ಚಿ ನೋಡಿತು. ಆಮೇಲೆ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿತು.

"ಹಂಗಾರೆ ಸಗಣಿ ತುಂಬಾಕೆ ಆಯ್ತದೆ ಬುಡು."