ಲಿಂಕ್ ಒತ್ತುವ ಮೊದಲೇ ಇಣುಕಿ ನೋಡಲು ಯಾವುದು ಒಳ್ಳೆಯದು?

ಫೈರ್‌ಫಾಕ್ಸ್‌ಗೆ 2025ರಲ್ಲಿ ಬಂದ ಲಿಂಕ್ ಪ್ರಿವ್ಯೂ ನನಗೆ ತುಂಬಾ ಇಷ್ಟ. ಪುಟ ತೆರೆಯದೆಯೇ ತಲೆಬರಹ, ಚಿತ್ರ, ಓದಲು ಎಷ್ಟು ಹೊತ್ತು ಬೇಕು ಅನ್ನೋದೆಲ್ಲ ಪುಟ್ಟ ಕಾರ್ಡ್‌ನಲ್ಲಿ ಕಾಣುತ್ತದೆ, ಬೇಕಿದ್ದರೆ ಎಐ ಮುಖ್ಯಾಂಶಗಳನ್ನೂ ಕೊಡುತ್ತದೆ, ಅದೂ ನಮ್ಮ ಕಂಪ್ಯೂಟರ್‌ನಲ್ಲೇ ತಯಾರಾಗುತ್ತದೆ. ಇದು ದೊಡ್ಡ ವಿಷಯ ಅಲ್ವಾ?

ಐಫೋನ್‌ನ ಸಫಾರಿಯಲ್ಲಿ ಲಿಂಕನ್ನು ಒತ್ತಿ ಹಿಡಿದರೆ ಸಾಕು. ಆದರೆ ಆ ಪ್ರಿವ್ಯೂ ಪುಟವನ್ನು ನಿಜವಾಗಿಯೂ ಲೋಡ್ ಮಾಡುತ್ತದೆ, ಹಾಗಾಗಿ ಅನುಮಾನ ಬರುವ ಲಿಂಕಿಗೆ ಬೇಡ. ಪ್ರಿವ್ಯೂ ಮರೆಮಾಡಿಟ್ಟರೆ ಬರೀ ವಿಳಾಸ ಕಾಣುತ್ತದೆ, ಅದೇ ಕ್ಷೇಮ.

ಲಿಂಕ್ ಪ್ರಿವ್ಯೂ ತೋರಿಸಲು ಬ್ರೌಸರ್‌ಗೆ ಸೇರಿಸಿಕೊಳ್ಳುವ ಎಕ್ಸ್‌ಟೆನ್ಶನ್‌ಗಳನ್ನು, ಅಂದರೆ ಪುಟ್ಟ ಪ್ರೋಗ್ರಾಂಗಳನ್ನು, ನಾನು ಹೊಗಳಲಾರೆ. ಇಂಥವು ಸಾಮಾನ್ಯವಾಗಿ ಎಲ್ಲ ವೆಬ್‌ಸೈಟ್‌ಗಳ ಡೇಟಾ ಓದುವ ಅನುಮತಿ ಕೇಳುತ್ತವೆ. ಸುಮ್ನೆ ಇಣುಕಿ ನೋಡೋದಕ್ಕೆ ಅಷ್ಟೆಲ್ಲ ಯಾಕೆ ಕೊಡಬೇಕು? ಉದ್ದ ವಿಳಾಸವನ್ನು ಚಿಕ್ಕದಾಗಿಸುವ ಬಿಟ್‌ಲಿ ಸೇವೆಯ ಚುಟುಕು ಲಿಂಕಾದರೆ ಕೊನೆಗೆ ಪ್ಲಸ್ ಚಿಹ್ನೆ ಸೇರಿಸಿ ತೆರೆಯಿರಿ, ಅದು ಎಲ್ಲಿಗೆ ಕರೆದೊಯ್ಯುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ.