ಪ್ರೊಟ್ರೇನಾ, ಪೇಪರ್ ಕಪ್ಪಾ, ನೇರ ಕುಂಡಕ್ಕಾ?

ಯುಗಾದಿ ಹೊತ್ತಿಗೆ ಬಾಲ್ಕನಿಯಲ್ಲಿ ಬೀಜ ಹಾಕಲು ಪ್ರೊಟ್ರೇ (ಸಸಿ ಬೆಳೆಸುವ, ಸಾಲುಸಾಲು ಗುಳಿಗಳಿರುವ ಟ್ರೇ), ಪೇಪರ್ ಕಪ್, ನೇರ ಕುಂಡ, ಇವುಗಳಲ್ಲಿ ಯಾವುದು ಸರಿ ಅಂತ ಕೇಳಿದ್ದೀರಿ. ಮೊದಲು ಏನು ಬೆಳೆಯುತ್ತೀರಿ ನೋಡಿ. ಕೊತ್ತಂಬರಿ, ಮೆಂತ್ಯ, ಮೂಲಂಗಿ, ಹುರುಳಿಕಾಯಿ ಆದರೆ ಸುಮ್ನೆ ಟ್ರೇ ತರಬೇಡಿ. ಬೇರು ಕದಲಿದರೆ ಇವಕ್ಕೆ ಆಗಿಬರುವುದಿಲ್ಲ, ನೇರ ಕುಂಡಕ್ಕೇ ಹಾಕಿ. ಕೊತ್ತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿಕೊಳ್ಳಿ.

ಟೊಮೆಟೊ, ಮೆಣಸಿನಕಾಯಿ, ಬದನೆಗೆ ಸಸಿ ಮಾಡಿ ನೆಡುವುದೇ ಒಳ್ಳೆಯದು. ಖರ್ಚು ನೋಡಿದರೆ ಬಳಸಿದ ಪೇಪರ್ ಕಪ್ಪಿಗೆ ಕಾಸೇ ಬೇಡ, ತಳಕ್ಕೆ ತೂತು ಮಾಡಿದರೆ ಸಾಕು, ಆದರೆ ಮೆಣಸಿನಕಾಯಿ ಸಸಿ ನಾಟಿಗೆ ಬರಲು ತಿಂಗಳ ಮೇಲೇ ಬೇಕು, ಅಷ್ಟರಲ್ಲಿ ಕಪ್ ನೆನೆದು ಮೆತ್ತಗಾಗಿರುತ್ತದೆ. ಪ್ರೊಟ್ರೇ ಜೋಪಾನ ಮಾಡಿದರೆ ಮತ್ತೆ ಮತ್ತೆ ಬಳಸಬಹುದು, ಸಸಿಯೂ ಬೇರು ಸಮೇತ ಸಲೀಸಾಗಿ ಬರುತ್ತದೆ. ನನ್ನ ತಕರಾರು ಒಂದೇ, ಗುಳಿ ಚಿಕ್ಕದು, ಏಪ್ರಿಲ್ ಬಿಸಿಲಿಗೆ ಬೇಗ ಒಣಗುತ್ತದೆ. ಬೆಳಿಗ್ಗೆ ಆಫೀಸಿಗೆ ಹೋಗಿ ರಾತ್ರಿ ಬರುವವರು ದೊಡ್ಡ ಕಪ್ಪೇ ಇಟ್ಟುಕೊಳ್ಳಿ. ಎರಡಕ್ಕೂ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜೊತೆ ಎರೆಗೊಬ್ಬರ ಬೆರೆಸಿ. ಬರೀ ಕೋಕೋಪೀಟಿನಲ್ಲಿ ತೇವ ನಿಲ್ಲುತ್ತದೆ, ಸಾರ ಜಾಸ್ತಿ ಇರುವುದಿಲ್ಲ.

ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಥರದ ಹೈಬ್ರಿಡ್ ಟೊಮೆಟೊ ಬೀಜ ತಂದಿದ್ದರೆ ಪ್ರೊಟ್ರೇನೇ ಸರಿ, ದುಡ್ಡು ಕೊಟ್ಟ ಬೀಜ ಅಲ್ವಾ. ಅಡುಗೆಮನೆಯ ಟೊಮೆಟೊದಿಂದ ಬೀಜ ತೆಗೆದು ಹಾಕುವವರಿಗೆ ಕಪ್ ಧಾರಾಳವಾಗಿ ಸಾಕು.